ಹಳೆಯ ನಾದಕ್ಕೊಂದು ಹೊಸ ಬೇಸ್ ಗಿಟಾರ್: ಮಿತ ಬೆಲೆಯಲ್ಲಿ ಆರಿಸುವಾಗ ಯಾವುದು ಮುಖ್ಯ, ಯಾವುದು ಅಲ್ಲ

1950 ಮತ್ತು 60ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳು ಇಂದು ನುಡಿಸುವವರಿಗಿಂತ ಸಂಗ್ರಾಹಕರ ಕೈಯಲ್ಲೇ ಹೆಚ್ಚಾಗಿವೆ. ಒಳ್ಳೆಯ ಸ್ಥಿತಿಯಲ್ಲಿರುವ ಅಂತಹ ಒಂದು ವಾದ್ಯಕ್ಕೆ ನಮ್ಮ ಲೆಕ್ಕದಲ್ಲಿ ಹಲವು ಲಕ್ಷ ರೂಪಾಯಿ ತೆರಬೇಕು. ಆ ಕಾಲದ ಧ್ವನಿಮುದ್ರಣಗಳಲ್ಲಿ ಕೇಳಿಬರುವ ದುಂಡಾದ, ಮೃದುವಾದ, ಹಾಡಿಗೆ ನೆಲಗಟ್ಟಿನಂತಿರುವ ಬೇಸ್ ನಾದವನ್ನು ಬಯಸುವವರು ಮಾತ್ರ ಎಲ್ಲ ಕಡೆಯೂ ಇದ್ದಾರೆ. ಅವರಿಗಾಗಿಯೇ ಕಂಪನಿಗಳು 'ವಿಂಟೇಜ್ ಶೈಲಿ' ಎಂಬ ಹೆಸರಿನಲ್ಲಿ ಹೊಸ ವಾದ್ಯಗಳನ್ನು ಮೂಲ ವಾದ್ಯದ ಬೆಲೆಯ ಸಣ್ಣದೊಂದು ಪಾಲಿಗೆ ಮಾರುತ್ತಿವೆ. ಆದರೆ ಆ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ಮಾರಾಟವಾಗುತ್ತವೆ: ಕಿವಿಗೆ ಕೇಳಿಸುವುದು, ಕೈಗೆ ತಿಳಿಯುವುದು ಮತ್ತು ಕಣ್ಣಿಗೆ ಕಾಣುವುದು. ಕಡಿಮೆ ಹಣ ಇರುವವರು ಈ ಮೂರನ್ನು ಬಿಡಿಸಿ ನೋಡುವುದನ್ನು ಮೊದಲು ಕಲಿಯಬೇಕು. ಏಕೆಂದರೆ ಹಳೆಯ ನಾದದ ಬಹುಪಾಲು ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಗೆ, ಅದು ಕೂತಿರುವ ಜಾಗ, ತಂತಿ ಮತ್ತು ಬೆರಳುಗಳಿಂದ ಬರುತ್ತದೆ. ಬಣ್ಣ, ಹಳದಿ ಛಾಯೆ, ಬೇಕೆಂದೇ ಸವೆಸಿದ ಅಂಚು ಇವುಗಳಿಗೆ ನಾದದಲ್ಲಿ ಪಾಲು ಇಲ್ಲವೆಂದರೂ ನಡೆಯುತ್ತದೆ.

ಯಾವ 'ಹಳೆಯದು' ಬೇಕು ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸ ಅಗತ್ಯ. ಕ್ಯಾಲಿಫೋರ್ನಿಯದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸಿದ್ದ ಲಿಯೋ ಫೆಂಡರ್ ಅವರು 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದರು. ಅಲ್ಲಿಯವರೆಗೆ ವಾದ್ಯಗೋಷ್ಠಿಗಳಲ್ಲಿ ಬೇಸ್ ಎಂದರೆ ನಿಂತು ನುಡಿಸುವ ಆಳೆತ್ತರದ ಡಬಲ್ ಬೇಸ್ ಆಗಿತ್ತು. ಅದನ್ನು ಹೊತ್ತು ಊರೂರು ಸುತ್ತುವುದು ಕಷ್ಟ, ಡ್ರಮ್ಸ್ ಮತ್ತು ಕಹಳೆಗಳ ಅಬ್ಬರದ ನಡುವೆ ಅದು ಕೇಳಿಸುವುದೂ ಕಷ್ಟ, ಫ್ರೆಟ್‌ಗಳು (ನೆಕ್ ಎಂಬ ಕತ್ತಿನ ಭಾಗದ ಮೇಲಿನ ಲೋಹದ ಅಡ್ಡಪಟ್ಟಿಗಳು) ಇಲ್ಲದ ಕಾರಣ ಸ್ವರ ಸರಿಯಾಗಿ ಹಿಡಿಯಲು ವರ್ಷಗಳ ಅಭ್ಯಾಸವೂ ಬೇಕು. ಫೆಂಡರ್ ಅವರ ವಾದ್ಯಕ್ಕೆ ಫ್ರೆಟ್‌ಗಳಿದ್ದವು, ಕರಾರುವಾಕ್ಕಾದ ಸ್ವರ ಸುಲಭವಾಗಿ ಸಿಗುತ್ತಿತ್ತು, ಹೆಸರೂ ಅದನ್ನೇ ಹೇಳುತ್ತಿತ್ತು. ತಂತಿಯ ನುಡಿಯುವ ಉದ್ದವನ್ನು, ಎಂದರೆ ತಲೆಯ ಬುಡದಲ್ಲಿ ತಂತಿ ಕೂರುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ಅಳತೆಯನ್ನು, ಅವರು 34 ಇಂಚಿಗೆ ನಿಲ್ಲಿಸಿದರು. ಏಳು ದಶಕಗಳು ಕಳೆದರೂ ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ ಅದೇ.

ಆ ಮೊದಲ ಮಾದರಿಯಲ್ಲಿ ಒಂದೇ ಸುರುಳಿಯ ಸಣ್ಣ ಪಿಕಪ್ ಇತ್ತು. 1957ರಲ್ಲಿ ಅದನ್ನು ಎರಡು ತುಂಡುಗಳ ಪಿಕಪ್‌ಗೆ ಬದಲಿಸಲಾಯಿತು. ಇಂದು 'ಪಿ-ಬೇಸ್' ಎಂದಾಗ ನಮ್ಮ ಕಣ್ಣ ಮುಂದೆ ಬರುವ ರೂಪ ಆಗ ಹುಟ್ಟಿತು. 1960ರಲ್ಲಿ ಎರಡು ಪಿಕಪ್‌ಗಳ, ತೆಳು ನೆಕ್‌ನ ಜಾಝ್ ಬೇಸ್ ಬಂದಿತು. 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರ್‌ಗೆ ಫೆಂಡರ್ ಕಂಪನಿಯನ್ನು ಕೊಂಡುಕೊಂಡಿತು. ಸಂಗ್ರಾಹಕರು ಈ ದಿನಾಂಕವನ್ನು ಗೆರೆ ಎಳೆದಂತೆ ನೋಡುತ್ತಾರೆ. ಅದರ ಹಿಂದಿನದಕ್ಕೆ ಒಂದು ಬೆಲೆ, ಮುಂದಿನದಕ್ಕೆ ಇನ್ನೊಂದು. ನುಡಿಸುವವರಿಗೆ ಈ ಗೆರೆಯಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಹೊಸ ವಾದ್ಯಗಳ ಹೆಸರಿನಲ್ಲಿ '50ಸ್', '60ಸ್', '70ಸ್' ಎಂದು ಬರೆದಿರುವುದಕ್ಕೆ ಅರ್ಥವಿದೆ. ಆಯಾ ದಶಕದ ಪಿಕಪ್ ಜೋಡಣೆ, ನೆಕ್‌ನ ಆಕಾರ, ಫ್ರೆಟ್‌ಬೋರ್ಡಿನ ಮರ ಇತ್ಯಾದಿಗಳನ್ನು ಅನುಕರಿಸಿದ್ದೇವೆ ಎಂಬುದರ ಸೂಚನೆ ಅದು.

ಪಿಕಪ್ ಎಂಬುದು ಮೂಲತಃ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತೀಯ ಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ತೊಂದರೆ ಎಂದರೆ ಇದೇ ಸುರುಳಿ ಮನೆಯ ವೈರಿಂಗ್, ಟ್ಯೂಬ್‌ಲೈಟ್‌ನ ಚೋಕ್, ಫ್ಯಾನ್ ರೆಗ್ಯುಲೇಟರ್ ಇವುಗಳ ಸುತ್ತ ಹರಡಿರುವ ವಿದ್ಯುತ್ ಗದ್ದಲವನ್ನೂ ಹಿಡಿಯುತ್ತದೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಬೇಸ್‌ನ ಅತಿ ದಪ್ಪ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರದ ಆವರ್ತನ 49 ಹರ್ಟ್ಸ್. ಅಂದರೆ ಒಂದೇ ಸುರುಳಿಯ ಪಿಕಪ್ ಹಿಡಿದು ತರುವ ಗುಂಯ್‌ಗುಡುವ ಸದ್ದು ನೀವು ನುಡಿಸುವ ಸ್ವರಗಳ ಪಕ್ಕದಲ್ಲೇ ಬಂದು ಕೂರುತ್ತದೆ, ಅದರ ಮೇಲಿನ 100, 150 ಹರ್ಟ್ಸ್‌ಗಳ ಮರಿಗಳೂ ಜೊತೆಗಿರುತ್ತವೆ. ಮುಚ್ಚಳ ಕಳಚಿದ ಹಳೆಯ ಸ್ವಿಚ್‌ಬೋರ್ಡು, ಅರ್ಥಿಂಗ್ ಸರಿಯಿಲ್ಲದ ಸಮುದಾಯ ಭವನ, ಪಕ್ಕದಲ್ಲಿ ಸೀರಿಯಲ್ ಲೈಟುಗಳ ತೋರಣ ಇರುವ ಕಡೆ ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

1957ರ ಎರಡು ತುಂಡುಗಳ ಪಿಕಪ್ ಈ ಸಮಸ್ಯೆಯನ್ನು ಜಾಣತನದಿಂದ ಬಗೆಹರಿಸಿತು. ಒಂದು ತುಂಡು ದಪ್ಪ ತಂತಿಗಳೆರಡರ ಕೆಳಗೆ, ಇನ್ನೊಂದು ತೆಳು ತಂತಿಗಳೆರಡರ ಕೆಳಗೆ ಇರುತ್ತದೆ. ಎರಡರ ಸುರುಳಿಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ, ಅಯಸ್ಕಾಂತದ ಧ್ರುವಗಳೂ ತಿರುಗುಮುರುಗು. ಹೊರಗಿನಿಂದ ಬರುವ ಗದ್ದಲ ಎರಡರಲ್ಲೂ ಸಮವಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ಆದರೆ ಪ್ರತಿಯೊಂದು ತಂತಿಯ ಕಂಪನ ಒಂದೇ ತುಂಡಿಗೆ ತಲುಪುವುದರಿಂದ ನಾದ ಹಾಗೆಯೇ ಉಳಿಯುತ್ತದೆ. ಜಾಝ್ ಬೇಸ್‌ನಲ್ಲಿಯೂ ಎರಡು ಪಿಕಪ್‌ಗಳನ್ನು ಹೀಗೆಯೇ ವಿರುದ್ಧವಾಗಿ ಜೋಡಿಸಿರುತ್ತಾರೆ, ಆದರೆ ಎರಡರ ವಾಲ್ಯೂಮ್ ಸಮನಾಗಿದ್ದಾಗ ಮಾತ್ರ ಗದ್ದಲ ಅಡಗುತ್ತದೆ. ಒಂದನ್ನು ಇಳಿಸಿದರೆ ಸದ್ದು ಮರಳುತ್ತದೆ. 1951ರ ಮಾದರಿಯ ಒಂಟಿ ಸುರುಳಿಯ ಬೇಸ್‌ಗೆ ಈ ರಕ್ಷಣೆಯೇ ಇಲ್ಲ. ಅದರ ನಾದಕ್ಕೆ ಒಂದು ಒರಟು ಸೊಗಸಿದೆ ನಿಜ, ಆದರೆ ಮನೆಯ ವೈರಿಂಗ್ ಹಳೆಯದಾಗಿದ್ದರೆ ಮೊದಲ ಬೇಸ್ ಆಗಿ ಅದನ್ನು ಕೊಳ್ಳುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಪಿಕಪ್ ಕೂತಿರುವ ಜಾಗ ಅದರ ಬಗೆಯಷ್ಟೇ ಮುಖ್ಯ. ತಂತಿ ಬ್ರಿಡ್ಜ್‌ಗೆ ಹತ್ತಿರವಾದಷ್ಟು ಬಿಗಿಯಾಗಿ, ಸಣ್ಣ ಅಳತೆಯಲ್ಲಿ ಕಂಪಿಸುತ್ತದೆ; ಆ ಜಾಗದ ಪಿಕಪ್‌ನಲ್ಲಿ ಮಧ್ಯದ ಮತ್ತು ಮೇಲಿನ ಸ್ವರಾಂಶಗಳು ಚುರುಕಾಗಿ ಕೇಳಿಸುತ್ತವೆ. ನೆಕ್ ಕಡೆಗೆ ಹೋದಂತೆ ನಾದ ದುಂಡಾಗುತ್ತದೆ. ಪ್ರಿಸಿಷನ್‌ನ ಪಿಕಪ್ ಇವೆರಡರ ನಡುವಿನ ಹದದಲ್ಲಿದೆ, ಆದ್ದರಿಂದಲೇ ಡ್ರಮ್ಸ್, ಕೀಬೋರ್ಡ್, ಗಾಯನ ಎಲ್ಲ ತುಂಬಿರುವ ಹಾಡಿನಲ್ಲಿಯೂ ಅದು ತನ್ನ ಜಾಗ ಕಳೆದುಕೊಳ್ಳುವುದಿಲ್ಲ. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್‌ಗಳನ್ನು ಪೂರ್ತಿ ತೆರೆದರೆ ಮಧ್ಯದ ಕೆಲವು ಸ್ವರಾಂಶಗಳು ತಗ್ಗಿ, ಕೆಳಗೆ ಮತ್ತು ಮೇಲೆ ಹೊಳಪು ಬರುತ್ತದೆ. ಒಂಟಿಯಾಗಿ ನುಡಿಸುವಾಗ ಇದು ಬಹಳ ಸುಂದರ, ತಂಡದ ನಡುವೆ ಕೆಲವೊಮ್ಮೆ ತೆಳುವಾಗುತ್ತದೆ. 70ರ ದಶಕದಲ್ಲಿ ಬ್ರಿಡ್ಜ್ ಕಡೆಯ ಪಿಕಪ್ ಅನ್ನು ಸುಮಾರು ಒಂದು ಸೆಂಟಿಮೀಟರ್‌ನಷ್ಟು ಬ್ರಿಡ್ಜ್‌ನತ್ತ ಸರಿಸಲಾಯಿತು. ಇಷ್ಟೇ ಬದಲಾವಣೆಯಿಂದ 70ರ ಶೈಲಿಯ ಜಾಝ್ ಬೇಸ್ ಹೆಚ್ಚು ಚೂಪಾಗಿ, ಹೆಬ್ಬೆರಳಿನಿಂದ ತಟ್ಟಿ ನುಡಿಸುವ ಸ್ಲ್ಯಾಪ್ ಶೈಲಿಗೆ ಹೆಚ್ಚು ಒಗ್ಗುವಂತಾಯಿತು. 60ರ ಮತ್ತು 70ರ ಜಾಝ್ ಬೇಸ್‌ಗಳ ನಡುವೆ ಆರಿಸುವಾಗ ಫ್ರೆಟ್‌ಬೋರ್ಡಿನ ಮೇಲಿನ ಚೌಕದ ಗುರುತುಗಳಿಗಿಂತ ಈ ಒಂದು ಸೆಂಟಿಮೀಟರ್ ಹೆಚ್ಚು ಗಮನಕ್ಕೆ ಯೋಗ್ಯ.

ಹಳೆಯ ಮಾದರಿಗಳ ವಿದ್ಯುತ್ ಮಂಡಲ ಬ್ಯಾಟರಿಯಿಲ್ಲದ, ಬಹಳ ಸರಳವಾದದ್ದು: ವಾಲ್ಯೂಮ್‌ಗೊಂದು, ಟೋನ್‌ಗೊಂದು 250 ಕಿಲೋಓಮ್‌ನ ಪಾಟ್ (ಗುಂಡಿಯ ಅಡಿಯಲ್ಲಿರುವ, ತಿರುಗಿಸಿ ಬದಲಿಸಬಹುದಾದ ರೋಧಕ), ಒಂದು ಸಣ್ಣ ಕೆಪ್ಯಾಸಿಟರ್, ಒಂದು ಜ್ಯಾಕ್. ಟೋನ್ ಗುಂಡಿಯನ್ನು ಇಳಿಸಿದಂತೆ ಕೆಪ್ಯಾಸಿಟರ್ ಮೇಲಿನ ಆವರ್ತನಗಳನ್ನು ನೆಲಕ್ಕೆ ಹರಿಸಿಬಿಡುತ್ತದೆ. ಈ ಒಂದು ಗುಂಡಿಯನ್ನು ಹೊಸಬರು ಪೂರ್ತಿ ತೆರೆದಿಟ್ಟು ಮರೆತುಬಿಡುತ್ತಾರೆ. ಹಳೆಯ ನಾದ ಬಯಸುವವರು ಅದನ್ನು ಅರ್ಧದಷ್ಟು, ಕೆಲವೊಮ್ಮೆ ಪೂರ್ತಿ, ಇಳಿಸಿ ಕೇಳಬೇಕು. ಬ್ಯಾಟರಿ ಇರುವ ಆಕ್ಟಿವ್ ಬೇಸ್‌ಗಳೂ ಹಳೆಯವೇ, ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ 1976ರಷ್ಟು ಹಿಂದಿನದು. ಆದರೆ ಅಗ್ಗದ ಆಕ್ಟಿವ್ ಬೇಸ್‌ಗಳಲ್ಲಿ ಸಂಕೇತವನ್ನು ಹಿಗ್ಗಿಸುವ ಒಳಗಿನ ಪ್ರಿ-ಆ್ಯಂಪ್ ಹಿಸ್ಸೆನ್ನುವುದು, ಬ್ಯಾಟರಿ ಮುಗಿಯುತ್ತಿದ್ದಂತೆ ವೇದಿಕೆಯ ಮೇಲೆಯೇ ಸದ್ದು ಒಡೆಯುವುದು ಸಾಮಾನ್ಯ. ಕಡಿಮೆ ಬೆಲೆಯಲ್ಲಿ ಕೆಡಲು ಕಡಿಮೆ ಭಾಗಗಳಿರುವ ಪ್ಯಾಸಿವ್ ಮಂಡಲವೇ ಲೇಸು.

ಅಯಸ್ಕಾಂತದ ಬಗ್ಗೆ ಒಂದು ಮಾತು. ಕಬ್ಬಿಣದೊಡನೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳು ಬೆರೆತ ಮಿಶ್ರಲೋಹವಾದ ಆಲ್ನಿಕೋ ದಂಡಗಳನ್ನು ಹಳೆಯ ಪಿಕಪ್‌ಗಳಲ್ಲಿ ಬಳಸುತ್ತಿದ್ದರು. ಅತ್ಯಂತ ಅಗ್ಗದ ಬೇಸ್‌ಗಳಲ್ಲಿ ಉಕ್ಕಿನ ತುಂಡುಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ಸೆರಾಮಿಕ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಅದರ ನಾದ ಸಾಮಾನ್ಯವಾಗಿ ಹೆಚ್ಚು ಒರಟಾಗಿರುತ್ತದೆ. ಹಳೆಯ ಮೃದುತ್ವವೇ ಗುರಿಯಾದರೆ ಆಲ್ನಿಕೋ ಇರುವುದನ್ನು ಕೇಳಿ ಕೊಳ್ಳುವುದು ಉಚಿತ.

ಇನ್ನು ಕೈಗೆ ತಿಳಿಯುವ ಭಾಗ. ನನ್ನ ಮಟ್ಟಿಗೆ ಬೇಸ್‌ನ ಆಯ್ಕೆ ನಿಲ್ಲುವುದೂ ಬೀಳುವುದೂ ನೆಕ್‌ನ ಮೇಲೆ, ಏಕೆಂದರೆ ಪಿಕಪ್ ಬದಲಿಸುವುದು ಅರ್ಧ ಗಂಟೆಯ ಕೆಲಸ, ನೆಕ್ ಬದಲಿಸುವುದು ಹೊಸ ಬೇಸ್ ಕೊಂಡಂತೆಯೇ. ಜಾಝ್ ಬೇಸ್‌ನ ನೆಕ್ ನಟ್ ಬಳಿ ಸುಮಾರು 38 ಮಿಲಿಮೀಟರ್ ಅಗಲವಿರುತ್ತದೆ. ಮೂಲ ಪ್ರಿಸಿಷನ್‌ನಲ್ಲಿ ಅದು 44 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಇಂದಿನ ಹಲವು ಪ್ರಿಸಿಷನ್‌ಗಳಲ್ಲಿ 41–42. ಕಾಗದದ ಮೇಲೆ ಆರು ಮಿಲಿಮೀಟರ್ ಎಂದರೆ ಏನೂ ಅಲ್ಲವೆನಿಸುತ್ತದೆ, ಸಣ್ಣ ಕೈಯವರಿಗೆ ಒಂದು ತಾಲೀಮು ಮುಗಿಯುವಷ್ಟರಲ್ಲಿ ಮಣಿಕಟ್ಟು ಅದನ್ನು ಲೆಕ್ಕ ಹಾಕಿ ಹೇಳುತ್ತದೆ. ಫ್ರೆಟ್‌ಬೋರ್ಡಿನ ಉಬ್ಬು ಇನ್ನೊಂದು ವಿಷಯ. ಹಳೆಯ ಫೆಂಡರ್‌ಗಳ ಉಬ್ಬು 7.25 ಇಂಚು ತ್ರಿಜ್ಯದ ವೃತ್ತದಷ್ಟು, ಎಂದರೆ ಹೆಚ್ಚು ದುಂಡು. ಈಗಿನ ಮಿತ ಬೆಲೆಯ 'ವಿಂಟೇಜ್' ಬೇಸ್‌ಗಳಲ್ಲಿ ಸಾಮಾನ್ಯವಾಗಿ 9.5 ಇಂಚು, ಅಷ್ಟರಮಟ್ಟಿಗೆ ಚಪ್ಪಟೆ. ಇತಿಹಾಸದ ದೃಷ್ಟಿಯಿಂದ ಇದು ತಪ್ಪು, ತಂತಿಯನ್ನು ತಗ್ಗಿಸಿ ನುಡಿಸುವವರಿಗೆ ಇದೇ ಅನುಕೂಲ.

ನೆಕ್‌ನೊಳಗೆ ಉದ್ದಕ್ಕೂ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ. ನಾಲ್ಕು ದಪ್ಪ ತಂತಿಗಳ ಎಳೆತಕ್ಕೆ ಮರ ಮುಂದಕ್ಕೆ ಬಾಗದಂತೆ ಅದು ಹಿಂದಕ್ಕೆ ಹಿಡಿದಿಡುತ್ತದೆ. 50–60ರ ದಶಕದ ಫೆಂಡರ್‌ಗಳಲ್ಲಿ ಅದರ ತಿರುಪು ನೆಕ್‌ನ ಬುಡದಲ್ಲಿ, ಬಾಡಿಗೆ ಸೇರುವ ಕಡೆ ಇತ್ತು. ಅದನ್ನು ತಿರುಗಿಸಬೇಕೆಂದರೆ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಕಳಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಸಾಲದಿದ್ದರೆ ಮತ್ತೆ ಅದೇ ಕೆಲಸ. ದುಬಾರಿ ಪ್ರತಿರೂಪಗಳು ಇಂದಿಗೂ ಈ ವ್ಯವಸ್ಥೆಯನ್ನು ನಿಷ್ಠೆಯಿಂದ ಉಳಿಸಿಕೊಂಡಿವೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿರುವವರಿಗೆ ಈ ನಿಷ್ಠೆ ಬೇಡವೇ ಬೇಡ. ಮಳೆಗಾಲದ ತೇವದಲ್ಲಿ ಉಬ್ಬಿ ಬೇಸಗೆಯಲ್ಲಿ ಒಣಗುವ ಮರಕ್ಕೆ ವರ್ಷದಲ್ಲಿ ಒಂದೆರಡು ಬಾರಿಯಾದರೂ ಹೊಂದಾಣಿಕೆ ಬೇಕಾಗುತ್ತದೆ, ಆಗ ತಲೆಯ ಕಡೆಯಿಂದಲೇ ಕೀಲಿ ತೂರಿಸಿ ತಿರುಗಿಸುವಂತಿರುವುದು ದೊಡ್ಡ ಉಪಕಾರ. ಅದೃಷ್ಟವಶಾತ್ ಅಗ್ಗದ ಮಾದರಿಗಳಲ್ಲಿ ಬಹುಪಾಲು ಹೀಗೆಯೇ ಇವೆ. ಹಾಗೆಯೇ ನೆಕ್‌ನ ಹಿಂಬದಿಗೆ ಬಳಿದ ಹೊಳಪಿನ ಹಳದಿ ಲೇಪ ನೋಡಲು ಚೆಂದ, ಏಪ್ರಿಲ್‌ನ ಸೆಕೆಯಲ್ಲಿ ಹೆಬ್ಬೆರಳು ಅದಕ್ಕೆ ಅಂಟಿಕೊಳ್ಳುತ್ತದೆ. ನುಣುಪಾದ ಮ್ಯಾಟ್ ಲೇಪವಿರುವ ನೆಕ್ ಸಿಕ್ಕರೆ ಅದನ್ನೂ ಹಿಡಿದು ನೋಡಿರಿ.

ಫ್ರೆಟ್‌ಬೋರ್ಡಿನ ಮರದ ವಿಷಯದಲ್ಲಿ ನಮ್ಮ ನೆಲಕ್ಕೊಂದು ನೇರ ನಂಟಿದೆ. 1959ರ ಹೊತ್ತಿಗೆ ಫೆಂಡರ್ ಮೇಪಲ್ ನೆಕ್‌ನ ಮೇಲೆ ರೋಸ್‌ವುಡ್ ಹಲಗೆ ಅಂಟಿಸಲು ತೊಡಗಿತು. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರವನ್ನು 1992ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದಡಿ ಬಹುತೇಕ ನಿಷೇಧಿಸಲಾಯಿತು. ಗಿಟಾರ್ ಜಗತ್ತು ಅದಕ್ಕೆ ಬಹಳ ಮೊದಲೇ ಭಾರತದ ರೋಸ್‌ವುಡ್‌ನತ್ತ ತಿರುಗಿತ್ತು. ಅದು ಬೇರೇನಲ್ಲ, ಪಶ್ಚಿಮ ಘಟ್ಟದ ನಮ್ಮ ಬೀಟೆ ಮರ. 2017ರ ಜನವರಿಯಿಂದ ಆ ಕುಲದ ಎಲ್ಲ ಮರಗಳಿಗೂ ಪರವಾನಗಿಯ ನಿರ್ಬಂಧ ಬಂದಾಗ ಕಡಿಮೆ ಬೆಲೆಯ ಗಿಟಾರ್ ತಯಾರಕರು ಬದಲಿ ಮರಗಳನ್ನು ಹುಡುಕಿದರು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ದೊರೆಯಿತು, ಆದರೆ ಬದಲಿ ಮರಗಳು ಉಳಿದುಕೊಂಡವು. ಅವುಗಳಲ್ಲಿ ಒಂದು 'ಇಂಡಿಯನ್ ಲಾರೆಲ್'. ಮಲೆನಾಡಿನವರು ಇದನ್ನು ಮತ್ತಿ ಎಂದು ಗುರುತಿಸುತ್ತಾರೆ, ಮೊಸಳೆಯ ಚರ್ಮದಂತೆ ಬಿರುಕುಬಿಟ್ಟ ತೊಗಟೆಯ ಕರಿಮತ್ತಿ. ಅಗ್ಗದ ಬೇಸ್‌ನ ವಿವರಪಟ್ಟಿಯಲ್ಲಿ ಈ ಹೆಸರು ಕಂಡು 'ರೋಸ್‌ವುಡ್ ಅಲ್ಲವಲ್ಲ' ಎಂದು ಮುಖ ಸಿಂಡರಿಸುವ ಅಗತ್ಯವಿಲ್ಲ. ಗಟ್ಟಿ ಮರ, ಬಾಳಿಕೆಗೆ ಕೊರತೆಯಿಲ್ಲ, ತುಸು ಒಣಗಿದಂತೆ ತಿಳಿಬಣ್ಣ ಕಂಡರೆ ಫ್ರೆಟ್‌ಬೋರ್ಡ್ ಎಣ್ಣೆ ಹಚ್ಚಿದ ಕೂಡಲೇ ಗಾಢವಾಗುತ್ತದೆ.

ಬಾಡಿಯ ಮರದ ಬಗ್ಗೆ ಗಿಟಾರ್ ಪ್ರಿಯರು ಮುಗಿಯದ ವಾದ ನಡೆಸುತ್ತಾರೆ. ಹಳೆಯವು ಆ್ಯಶ್ ಮತ್ತು ಆಲ್ಡರ್, ಅಗ್ಗದವು ಪಾಪ್ಲರ್ ಅಥವಾ ಅಂತಹ ಇನ್ನೊಂದು ಮರ. ಕೊಳ್ಳುವವರು ಮರದ ಹೆಸರಿಗಿಂತ ತೂಕವನ್ನು ನೋಡುವುದು ಒಳ್ಳೆಯದು. ನಾಲ್ಕು ಕಿಲೋ ಆಸುಪಾಸಿನ ಬೇಸ್ ಹೆಗಲಿಗೆ ಹಿತ. ನಾಲ್ಕೂವರೆ ಮೀರಿದರೆ ಎರಡು ಗಂಟೆಯ ಕಾರ್ಯಕ್ರಮದ ಕೊನೆಗೆ ಬೆನ್ನು ಮಾತಾಡುತ್ತದೆ.

ಎಲ್ಲರಿಗೂ 34 ಇಂಚು ಬೇಕೆಂದೂ ಇಲ್ಲ. 50ರ ದಶಕದ ಮಧ್ಯದಲ್ಲಿ ಜರ್ಮನಿಯ ಹಾಫ್ನರ್ ಕಂಪನಿ ಪಿಟೀಲಿನ ಆಕಾರದ ಪೊಳ್ಳು ಬಾಡಿಯ ಬೇಸ್ ಒಂದನ್ನು ತಯಾರಿಸಿತು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅದನ್ನು ಕೊಂಡರು, ಮುಂದಿನದು ಎಲ್ಲರಿಗೂ ತಿಳಿದಿದೆ. ಫೆಂಡರ್ 1966ರಲ್ಲಿ ಮಸ್ಟಾಂಗ್ ಬೇಸ್ ತಂದಿತು. ಇವೆರಡರ ತಂತಿಯ ಉದ್ದ ಸುಮಾರು 30 ಇಂಚು. ತಂತಿಯ ಬಿಗಿತ ಕಡಿಮೆ, ಫ್ರೆಟ್‌ಗಳ ನಡುವಿನ ದೂರ ಕಡಿಮೆ, ನಾದ ಹೆಚ್ಚು ದುಂಡು ಮತ್ತು ಸ್ವಲ್ಪ ಮಂಕು. ಗಿಟಾರ್‌ನಿಂದ ಬೇಸ್‌ಗೆ ಬರುವವರಿಗೆ, ಹದಿಹರೆಯದವರಿಗೆ, ಸಣ್ಣ ಕೈಯವರಿಗೆ ಇದು ಎರಡನೇ ದರ್ಜೆಯ ಆಯ್ಕೆಯಲ್ಲ. ಒಂದೇ ತೊಡಕು: ಇದಕ್ಕೆ ಸಣ್ಣ ಅಳತೆಯ ತಂತಿಯೇ ಬೇಕು, ಅದು ಊರಿನ ಎಲ್ಲ ವಾದ್ಯದ ಅಂಗಡಿಗಳಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕಾಗುತ್ತದೆ.

ಈಗ ತಂತಿಯ ವಿಷಯ, ನಾನು ಈ ಲೇಖನದಲ್ಲಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಸ್ಟುಡಿಯೊ ವಾದಕ ಜೇಮ್ಸ್ ಜೇಮರ್‌ಸನ್ ಅವರು 60ರ ದಶಕದ ಅಸಂಖ್ಯ ಜನಪ್ರಿಯ ಹಾಡುಗಳಿಗೆ 1962ರ ಪ್ರಿಸಿಷನ್ ಬೇಸ್ ನುಡಿಸಿದರು. ಅವರ ವಾದ್ಯದಲ್ಲಿ ವಿಶೇಷವೆನ್ನುವಂತಹ ಬದಲಾವಣೆಗಳಿರಲಿಲ್ಲ. ಇದ್ದದ್ದು ದಪ್ಪನೆಯ ಫ್ಲ್ಯಾಟ್‌ವೌಂಡ್ ತಂತಿ, ಬ್ರಿಡ್ಜ್ ಮುಚ್ಚಳದ ಅಡಿಯಲ್ಲಿ ತಂತಿಗೆ ತಾಗುವ ಫೋಮ್ ತುಂಡು ಮತ್ತು ಬಲಗೈಯ ತೋರುಬೆರಳು. ಆ ಒಂದೇ ಬೆರಳಿನಿಂದ ಅವರು ಎಲ್ಲವನ್ನೂ ನುಡಿಸುತ್ತಿದ್ದರು. ಫ್ಲ್ಯಾಟ್‌ವೌಂಡ್ ಎಂದರೆ ಒಳಗಿನ ಎಳೆಯ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ, ಮುಟ್ಟಿದರೆ ನುಣ್ಣಗಿರುವ ತಂತಿ. ಬೆರಳು ಜಾರುವಾಗ ಕಿರುಗುಟ್ಟುವುದಿಲ್ಲ, ಮೇಲಿನ ಝಣಝಣ ಕಡಿಮೆ, ಸ್ವರದ ಆರಂಭ ಮೆತ್ತಗೆ ಬಡಿದಂತೆ, ಬಾಳಿಕೆ ವರ್ಷಗಟ್ಟಲೆ. ಇಂದು ಹೊಸ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಹಾಕಿ ಕಳುಹಿಸುವುದು ರೌಂಡ್‌ವೌಂಡ್, ದುಂಡು ಎಳೆ ಸುತ್ತಿದ, ಉಗುರು ಎಳೆದರೆ ಗರಗರ ಎನ್ನುವ ತಂತಿ. ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ 60ರ ದಶಕದ ಮಧ್ಯದಲ್ಲಿ ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಅವರೊಡನೆ ಸೇರಿ ಇಂತಹ ತಂತಿಯನ್ನು ರೂಪಿಸಿದ ಮೇಲೆ ರಾಕ್ ಸಂಗೀತದ ಬೇಸ್ ಪಿಯಾನೊದಂತೆ ಮೊಳಗತೊಡಗಿತು. ಎಂದರೆ 60ರ ಮೊದಲ ಭಾಗದ ನಾದ ಬೇಕಾದವರು '60ಸ್' ಎಂದು ಬರೆದ ಬೇಸ್ ಕೊಂಡು, ಅದರಲ್ಲಿರುವ ರೌಂಡ್‌ವೌಂಡ್ ತಂತಿಯಲ್ಲೇ ನುಡಿಸುತ್ತ 'ಆ ನಾದ ಬರುತ್ತಿಲ್ಲ' ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಪಾತ್ರೆ ತಿಕ್ಕುವ ಹೊಸ ಸ್ಪಂಜನ್ನು ಕತ್ತರಿಸಿ ಬ್ರಿಡ್ಜ್ ಬಳಿ ತಂತಿಗಳ ಅಡಿಗೆ ತುರುಕಿ, ಟೋನ್ ಗುಂಡಿಯನ್ನು ಇಳಿಸಿ ನುಡಿಸಿ ನೋಡಿರಿ. ಹತ್ತಿಪ್ಪತ್ತು ರೂಪಾಯಿಗಳ ಈ ಪ್ರಯೋಗ ಪಿಕಪ್ ಬದಲಾವಣೆಗಿಂತ ದೊಡ್ಡ ವ್ಯತ್ಯಾಸ ತೋರಿಸುತ್ತದೆ.

ಮಾರುಕಟ್ಟೆಯಲ್ಲಿ ಯಾವುದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈಗ ನೋಡಬಹುದು. ಸ್ಕ್ವಯರ್ ಎಂಬುದು ಮೊದಲು ತಂತಿ ತಯಾರಿಸುವ ಅಮೆರಿಕನ್ ಕಂಪನಿ. ಫೆಂಡರ್ ಅದನ್ನು 1965ರಲ್ಲಿ ಕೊಂಡಿತು, 1982ರಲ್ಲಿ ಜಪಾನಿನಲ್ಲಿ ಮಾಡಿಸಿದ ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಆ ಹೆಸರನ್ನಿಟ್ಟಿತು. ಆ ಕಾಲದಲ್ಲಿ ಜಪಾನಿನ ಇತರ ಕಂಪನಿಗಳು ಮಾಡುತ್ತಿದ್ದ ಪ್ರತಿಗಳು ಅಮೆರಿಕದ ಮೂಲಗಳಿಗೇ ಸವಾಲಾಗಿದ್ದವು, ಅದಕ್ಕೆ ಉತ್ತರವಾಗಿ ಬಂದ ಆ ಮೊದಲ ಸ್ಕ್ವಯರ್‌ಗಳನ್ನು ಈಗ ಹುಡುಕಿ ಕೊಳ್ಳುತ್ತಾರೆ. ಇಂದು ಇದೇ ಹೆಸರಿನಡಿ ಕೆಳಗಿನ ಮೆಟ್ಟಿಲುಗಳಲ್ಲೊಂದಾದ ಅಫಿನಿಟಿ, ಅದರ ಮೇಲೆ ಕ್ಲಾಸಿಕ್ ವೈಬ್ ಸರಣಿಗಳಿವೆ. ಕ್ಲಾಸಿಕ್ ವೈಬ್‌ನ ಇಂದಿನ ಮಾದರಿಗಳು ಇಂಡೋನೇಷ್ಯಾದಲ್ಲಿ ತಯಾರಾಗುತ್ತವೆ, ಆಲ್ನಿಕೋ ಪಿಕಪ್ ಇರುತ್ತದೆ, 50ರ ಒಂಟಿ ಸುರುಳಿಯ ಪ್ರಿಸಿಷನ್, 60ರ ಪ್ರಿಸಿಷನ್ ಮತ್ತು ಜಾಝ್, 70ರ ಜಾಝ್, ಗಿಡ್ಡ ಮಸ್ಟಾಂಗ್ ಇವೆಲ್ಲ ಅದರಲ್ಲಿ ಸಿಗುತ್ತವೆ.  ಮೆಕ್ಸಿಕೊದಲ್ಲಿ ತಯಾರಾಗುವ ಫೆಂಡರ್ ವಿಂಟೆರಾದ ಬೆಲೆ ಇವುಗಳ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು, ಅಮೆರಿಕದಲ್ಲೇ ತಯಾರಾಗುವ ಅಮೆರಿಕನ್ ವಿಂಟೇಜ್ ಇನ್ನೂ ಅದರ ಎರಡು ಪಟ್ಟು. ಭಾರತದಲ್ಲಿ ಆಮದು ಸುಂಕ, ತೆರಿಗೆ ಮತ್ತು ಸಾಗಣೆ ಸೇರಿ ಎಲ್ಲವೂ ಇನ್ನಷ್ಟು ಏರುತ್ತವೆ. ಬೆಲೆ ಎರಡು ಪಟ್ಟಾದಾಗಲೆಲ್ಲ ನಾದವೂ ಎರಡು ಪಟ್ಟಾಗುವುದಿಲ್ಲ. ಹೆಚ್ಚುವುದು ಫ್ರೆಟ್‌ಗಳ ಅಂಚಿನ ನಯಗೆಲಸ, ಯಂತ್ರಾಂಶದ ಬಾಳಿಕೆ, ಲೇಪದ ತೆಳುತನ, ಮತ್ತು ತಲೆಯ ಮೇಲಿನ ಹೆಸರು. ಅಫಿನಿಟಿಯಿಂದ ಕ್ಲಾಸಿಕ್ ವೈಬ್‌ಗೆ ಏರುವ ಮೆಟ್ಟಿಲು ಮಾತ್ರ ಕೊಟ್ಟ ಹಣಕ್ಕೆ ಸ್ಪಷ್ಟವಾಗಿ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಫೆಂಡರ್ ರೂಪವೇ ಬೇಕೆಂಬ ಹಟ ಇಲ್ಲದವರು ಯಮಾಹಾದ ಬಿಬಿ ಸರಣಿಯನ್ನು ಖಂಡಿತ ನೋಡಬೇಕು. 1977ರಲ್ಲಿ ಆರಂಭವಾದ ಈ ಸರಣಿಯ ಮಿತ ಬೆಲೆಯ ಮಾದರಿಗಳಲ್ಲಿ ಪ್ರಿಸಿಷನ್ ಬಗೆಯ ಒಂದು ಪಿಕಪ್, ಬ್ರಿಡ್ಜ್ ಬಳಿ ಜಾಝ್ ಬಗೆಯ ಇನ್ನೊಂದು ಪಿಕಪ್ ಒಟ್ಟಿಗೇ ಇರುತ್ತವೆ. ಯಮಾಹಾದ ಮಾರಾಟಗಾರರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಇರುವುದರಿಂದ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ಹೆಚ್ಚು. ಹಾಫ್ನರ್‌ನ ಪಿಟೀಲು ಆಕಾರಕ್ಕೂ ಅದೇ ಕಂಪನಿಯ ಇಗ್ನಿಷನ್ ಎಂಬ ಅಗ್ಗದ ರೂಪವಿದೆ.

ಅಂಗಡಿಯಲ್ಲಿ ಏನು ನೋಡಬೇಕು? ಆ್ಯಂಪ್‌ಗೆ ತಗಲಿಸುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರಬೇಕು. ಬೇಸ್ ಅನ್ನು ಬಂದೂಕಿನಂತೆ ಎತ್ತಿ ಬಾಡಿಯ ಕಡೆಯಿಂದ ತಲೆಯತ್ತ ನೆಕ್‌ನ ಎರಡು ಅಂಚುಗಳನ್ನೂ ನೋಡಿರಿ. ಮುಂದಕ್ಕೆ ಸ್ವಲ್ಪ ಬಾಗಿದ್ದರೆ ಟ್ರಸ್ ರಾಡ್ ಸರಿಪಡಿಸುತ್ತದೆ, ಎರಡು ಅಂಚುಗಳು ಬೇರೆ ಬೇರೆ ರೀತಿ ಬಾಗಿ ನೆಕ್ ತಿರುಚಿಕೊಂಡಿದ್ದರೆ ಅಲ್ಲಿಗೇ ಬಿಡಿರಿ, ರಿಯಾಯಿತಿ ಎಷ್ಟೇ ಇರಲಿ. ಬಳಿಕ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಕೊನೆಯ ಫ್ರೆಟ್‌ನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ಏಳೆಂಟನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ನೋಡಬೇಕು. 0.3 ಮಿಲಿಮೀಟರ್ ಸುಮಾರು, ಎಂದರೆ ಸಾಮಾನ್ಯ ವಿಸಿಟಿಂಗ್ ಕಾರ್ಡ್ ಒಂದು ತಾಗಿಯೂ ತಾಗದಂತೆ ಹೋಗುವಷ್ಟಿದ್ದರೆ ಸರಿ. ಹದಿನೇಳನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 2.4 ಮಿಲಿಮೀಟರ್, ತೆಳು ತಂತಿಯದು 2 ಮಿಲಿಮೀಟರ್ ಆಸುಪಾಸು ಇರಬೇಕು. ಅಂಗೈಯನ್ನು ನೆಕ್‌ನ ಅಂಚಿನುದ್ದಕ್ಕೂ ಸವರಿದಾಗ ಫ್ರೆಟ್‌ಗಳ ತುದಿ ಗೀರಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ಅದನ್ನು ಉಜ್ಜಿ ಸರಿಪಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಬೇಕು.

ಅನಂತರ ಪ್ರತಿ ತಂತಿಯ ಪ್ರತಿ ಫ್ರೆಟ್ ಅನ್ನೂ ನಿಧಾನವಾಗಿ ನುಡಿಸಿರಿ. ಅಂಗಡಿಯವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ. ಫೆಂಡರ್ ಬಗೆಯ ಬೇಸ್‌ಗಳಲ್ಲಿ ಅತಿ ತೆಳು ತಂತಿಯ ಐದರಿಂದ ಏಳನೆಯ ಫ್ರೆಟ್‌ನ ಆಸುಪಾಸು ಒಂದು ಸ್ವರ ಬೇಗ ಆರಿಹೋಗುವುದುಂಟು. ನೆಕ್ ತಾನೇ ಆ ಆವರ್ತನಕ್ಕೆ ಅಲುಗಿ ತಂತಿಯ ಶಕ್ತಿಯನ್ನು ಹೀರುವುದರಿಂದ ಹೀಗಾಗುತ್ತದೆ. ದುಬಾರಿ ಬೇಸ್‌ನಲ್ಲಿಯೂ ಇದು ತಪ್ಪಿದ್ದಲ್ಲ. ಎಷ್ಟು ಬೇಗ ಆರುತ್ತದೆ ಎಂಬುದು ಒಂದೊಂದು ವಾದ್ಯಕ್ಕೆ ಒಂದೊಂದು ರೀತಿ, ಆದ್ದರಿಂದಲೇ ಒಂದೇ ಮಾದರಿಯ ಎರಡು ಬೇಸ್‌ಗಳಿದ್ದರೆ ಎರಡನ್ನೂ ನುಡಿಸಿ ಕೇಳಬೇಕು. ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಟ್ಟಾಗ ಬೇಸ್‌ನ ತಲೆ ನೆಲದತ್ತ ವಾಲುತ್ತದೆಯೇ ನೋಡಿರಿ. ಕೊನೆಗೆ ಆ್ಯಂಪ್‌ಗೆ ಹಾಕಿ ಗುಂಡಿಗಳನ್ನು ತಿರುಗಿಸಿದಾಗ ಬರುವ ಕರಕರ ಸದ್ದು ಧೂಳಿನದು, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಬೇಸ್‌ನ ಒಳಗಿನ ನೆಲದ (ಗ್ರೌಂಡ್) ತಂತಿ ಸರಿಯಾಗಿದೆ ಎಂದು ತಿಳಿಯಬೇಕು, ಮುಟ್ಟಿದಾಗ ಹೆಚ್ಚಾದರೆ ಒಳಗೆ ಬೆಸುಗೆ ಬಿಟ್ಟಿರಬಹುದು.

ಬಳಸಿದ ಬೇಸ್ ಕೊಳ್ಳುವವರು ಇವೆಲ್ಲವುಗಳ ಜೊತೆಗೆ ಟ್ರಸ್ ರಾಡ್‌ನ ತಿರುಪು ಇನ್ನೂ ತಿರುಗುತ್ತದೆಯೇ ಎಂದು ಮಾರುವವರ ಎದುರಿಗೇ ನೋಡಬೇಕು. ಕೊನೆಯವರೆಗೆ ಬಿಗಿದುಹೋದ ಅಥವಾ ಹಲ್ಲು ಸವೆದ ತಿರುಪು ಇರುವ ನೆಕ್‌ಗೆ ಮುಂದೆ ದಾರಿಯಿಲ್ಲ. ಬಣ್ಣದ ಮೇಲಿನ ಗೀರು, ಕಿತ್ತ ಚಕ್ಕೆ, ತುಕ್ಕು ಹಿಡಿದ ಸ್ಕ್ರೂಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರ್ಖಾನೆಯಲ್ಲಿ ಹಣ ತೆತ್ತು ಮಾಡಿಸುವ ಸವೆತ ನಿಮಗೆ ಪುಕ್ಕಟೆಯಾಗಿ ಸಿಕ್ಕಿದೆ.

ಒಂದೇ ಬೇಸ್ ಕೊಳ್ಳಲು ಸಾಧ್ಯವಿರುವವರಿಗೆ, ಮಣಿಕಟ್ಟಿನ ತೊಂದರೆ ಇಲ್ಲದಿದ್ದರೆ, ನಾನು ಹೇಳುವುದು ಎರಡು ತುಂಡುಗಳ ಪಿಕಪ್‌ನ 60ರ ಶೈಲಿಯ ಪ್ರಿಸಿಷನ್. ಕೈ ಸಣ್ಣದಾದರೆ ಅಥವಾ ಹಲವು ಬಗೆಯ ಸಂಗೀತ ನುಡಿಸುವುದಾದರೆ ಜಾಝ್. ಇಟ್ಟುಕೊಂಡ ಹಣವನ್ನೆಲ್ಲ ವಾದ್ಯಕ್ಕೇ ಸುರಿಯದೆ, ಅದರಲ್ಲಿ ಏಳರಲ್ಲೊಂದು ಪಾಲನ್ನಾದರೂ ಒಂದು ಫ್ಲ್ಯಾಟ್‌ವೌಂಡ್ ತಂತಿ ಸೆಟ್‌ಗೂ ಅನುಭವಿ ಗಿಟಾರ್ ಕೆಲಸಗಾರರಿಂದ ಮಾಡಿಸುವ ಸೆಟಪ್‌ಗೂ ತೆಗೆದಿಡಬೇಕು. ಫ್ಲ್ಯಾಟ್‌ವೌಂಡ್ ತಂತಿಯ ಎಳೆತ ಸಾಮಾನ್ಯವಾಗಿ ಹೆಚ್ಚು, ಕೆಲವೊಮ್ಮೆ ದಪ್ಪವೂ ಹೆಚ್ಚು. ಆದ್ದರಿಂದ ನಟ್‌ನ ಗೀರುಗಳನ್ನು ತುಸು ಅಗಲಿಸಿ, ಟ್ರಸ್ ರಾಡ್ ಬಿಗಿಸಿ, ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು (ಪ್ರತಿ ತಂತಿ ಕೂರುವ ಸಣ್ಣ ತುಂಡುಗಳನ್ನು) ಹಿಂದೆ ಮುಂದೆ ಸರಿಸಿ ಹನ್ನೆರಡನೆಯ ಫ್ರೆಟ್‌ನ ಸ್ವರ ತೆರೆದ ತಂತಿಯ ಸ್ವರಕ್ಕೆ ಸರಿಯಾಗಿ ಒಂದು ಸಪ್ತಕ ಮೇಲೆ ನಿಲ್ಲುವಂತೆ ಹೊಂದಿಸಬೇಕಾಗುತ್ತದೆ. ತಂತಿಯನ್ನು ಅಂಗಡಿಗೆ ಬೇಸ್‌ನ ಜೊತೆಗೇ ಒಯ್ದು, ಈ ಎರಡೂ ಕೆಲಸಗಳನ್ನು ಒಂದೇ ಬಾರಿಗೆ ಮಾಡಿಸಿಕೊಂಡರೆ ಸೆಟಪ್‌ಗೆ ಎರಡು ಸಲ ಹಣ ಕೊಡುವುದು ತಪ್ಪುತ್ತದೆ.